ಐದು ಸ್ಪ್ರಿಂಗಿನ ಪಂಚಾಯ್ತಿ

ಭಾನುವಾರ ಮಧ್ಯಾಹ್ನ, ಬಸವನಗುಡಿಯಲ್ಲಿ ಸೀನನ ಮನೆ ಮಹಡಿ. ಮಂಜನ ಸ್ಟ್ರ್ಯಾಟ್ (ಸ್ಟ್ರ್ಯಾಟೋಕ್ಯಾಸ್ಟರ್ ಮಾದರಿಯ ಎಲೆಕ್ಟ್ರಿಕ್) ಗಿಟಾರ್ ದಿವಾನದ ಮೇಲೆ ಬೋರಲು ಮಲಗಿತ್ತು. ಹಿಂದಿನ ಮುಚ್ಚಳ ಬಿಚ್ಚಿದರೆ ಮೂರು ಸ್ಪ್ರಿಂಗ್, ಐದು ಕೊಕ್ಕೆಯ ಒಂದು ತಗಡು, ಅದನ್ನು ಮರಕ್ಕೆ ಹಿಡಿದ ಎರಡು ಉದ್ದ ಸ್ಕ್ರೂ. ತಗಡಿಗೆ ಕ್ಲಾ ಅಂತಾರೆ. ಸ್ಪ್ರಿಂಗಿನ ಇನ್ನೊಂದು ತುದಿ ಸಿಕ್ಕಿಸಿರುವುದು ಬ್ಲಾಕಿಗೆ, ಅಂದರೆ ತಂತಿಗಳನ್ನು ಹಿಡಿದ ಬ್ರಿಡ್ಜಿನ ಕೆಳಗಿನ ಲೋಹದ ಗಟ್ಟಿಗೆ.

“ಇನ್ನೆರಡು ಸ್ಪ್ರಿಂಗ್ ಹಾಕಿಬಿಡೋಣ ಕಣ್ರೋ, ಟ್ಯೂನಿಂಗ್ ಗಟ್ಟಿ ನಿಲ್ಲುತ್ತೆ. ಎಸ್.ಪಿ. ರೋಡಲ್ಲಿ ಸಿಗಲ್ವಾ?” ಅಂದ ಮಂಜ.

“ಅಲ್ಲಿ ಹುಡುಕಿದ್ರೆ ಹೆಲಿಕಾಪ್ಟರ್ ರೆಕ್ಕೆನೂ ಸಿಗುತ್ತೆ. ಅದನ್ನೂ ಹಾಕ್ತೀಯಾ?” ಅಂದ ಸೀನ.

ರಾಘುಗೆ ಲೆಕ್ಕ ಇಲ್ಲದೆ ಮಾತೇ ಬರುವುದಿಲ್ಲ. “ನೋಡು, ಇದು ಹಗ್ಗಜಗ್ಗಾಟ. ಒಂಬತ್ತರ ಸೆಟ್ಟು, ಅಂದ್ರೆ ತೆಳು ತಂತಿ 0.009 ಇಂಚಿನದು, ಶ್ರುತಿಗೆ ಬಂದಾಗ ಆರೂ ತಂತಿ ಸೇರಿ 38 ಕಿಲೋ ಆಸುಪಾಸು ಎಳೆಯುತ್ತೆ. ಆ ಕಡೆ ಸ್ಪ್ರಿಂಗ್ ಅದನ್ನ ತಡೀಬೇಕು. ಮೂರು ಹಾಕಿದ್ರೂ ತಡಿಯೋ ಭಾರ ಅಷ್ಟೇ, ಐದು ಹಾಕಿದ್ರೂ ಅಷ್ಟೇ.”

“ಹಂಗಾದ್ರೆ ಐದು ಕೊಕ್ಕೆ ಯಾಕೆ ಕೊಟ್ಟ, ಶೋಕಿಗಾ?”

“ಕೈಗೆ ಬೇಕಾದ ಹದಕ್ಕೆ. ಮೂರಿದ್ರೆ ಒಂದೊಂದೂ ಜಾಸ್ತಿ ಹಿಗ್ಗಬೇಕು, ಸ್ಕ್ರೂ ಬಿಗಿ ಮಾಡ್ತೀಯ. ಬ್ರಿಡ್ಜ್ ಅಲುಗಿಸೋ ಕಡ್ಡಿ ಇದ್ಯಲ್ಲ, ಆರ್ಮ್, ಅದು ಮೆತ್ತಗೆ ಬರುತ್ತೆ. ಐದಿದ್ರೆ ಸ್ಕ್ರೂ ಸಡಿಲ, ಆರ್ಮ್ ಬಿಗಿ.”

ಸೀನ ಗಿಟಾರ್ ತಿರುಗಿಸಿ ಒಂದು ತಂತಿ ಬೆಂಡ್ ಮಾಡಿದ, ಅಂದರೆ ಬೆರಳಲ್ಲಿ ಪಕ್ಕಕ್ಕೆ ತಳ್ಳಿ ಸ್ವರ ಏರಿಸಿದ. ಪಕ್ಕದ ತಂತಿಯ ಸ್ವರ ಜರ್ರನೆ ಇಳಿಯಿತು. ಬೆಂಡ್ ಮಾಡಿದಾಗ ಬ್ರಿಡ್ಜ್ ಮುಂದಕ್ಕೆ ವಾಲುತ್ತದೆ, ಉಳಿದ ಐದೂ ತಂತಿ ಸಡಿಲವಾಗುತ್ತವೆ. ಸ್ಪ್ರಿಂಗ್ ಜಾಸ್ತಿಯಾದಷ್ಟೂ ಆ ವಾಲಾಟ ಕಡಿಮೆ. ಮಂಜನ ಮಾತಿನಲ್ಲಿ ನಿಜ ಇದ್ದದ್ದು ಇಷ್ಟು. ಅವನು ಮಾತ್ರ ಪೂರ್ತಿ ಗೆದ್ದವನ ಹಾಗೆ ಕೂತ.

ಮುಂದೆ ಶುರುವಾಯಿತು ನೇರವೋ ಓರೆಯೋ ಎಂಬ ಜಗಳ. ಪಕ್ಕದ ಎರಡು ಸ್ಪ್ರಿಂಗನ್ನು ಓರೆ ಹಾಕಿದರೆ ಸ್ವರಕ್ಕೆ ಬೇರೆಯೇ ಕಳೆ ಬರುತ್ತದಂತೆ, ಸೀನನ ವಾದ. ಓರೆ ಹಾಕಿದರೆ ಸ್ಪ್ರಿಂಗ್ ಚೂರು ಜಾಸ್ತಿ ಹಿಗ್ಗುತ್ತದೆ. ಅದನ್ನು ಸ್ಕ್ರೂ ತಿರುವಿ ಸರಿ ಮಾಡಬಹುದು. ಕಳೆಗಿಳೆ ಎಲ್ಲ ಸುಮ್ನೆ ಅಂತ ನನಗನ್ನಿಸುತ್ತೆ.

“ದಪ್ಪ ತಂತಿ ಕಡೆಯ ಸ್ಕ್ರೂ ಜಾಸ್ತಿ ಬಿಗಿ ಮಾಡಬೇಕಂತಾರಲ್ಲ?” ಅಂದೆ.

“ಬ್ಲಾಕು ಒಂದೇ ಗಟ್ಟಿ ಲೋಹ ಮಾರಾಯ. ಎಡಗಡೆ ಎಳೆದ್ರೂ ಬಲಗಡೆ ಎಳೆದ್ರೂ ಇಡೀದೇ ವಾಲೋದು,” ಅಂದ ರಾಘು.

ಅಷ್ಟರಲ್ಲಿ ಕೆಳಗಿನಿಂದ ಸೀನನ ಅಮ್ಮನ ದನಿ: “ಲೋ ಸೀನ, ಪಾತ್ರೆ ತೊಳೆಯೋ ಸ್ಪಂಜ್ ಎಲ್ಲೋ?”

ಸ್ಪಂಜಿನ ಅರ್ಧ ಗಿಟಾರಿನೊಳಗಿತ್ತು. ತಂತಿ ನಿಲ್ಲಿಸಿದರೂ ಸ್ಪ್ರಿಂಗ್ ಟೊಂಯ್ ಅಂತ ಅನುರಣಿಸುತ್ತಲೇ ಇರುತ್ತದೆ. ನಡುವೆ ಸಣ್ಣ ತುಂಡು ತುರುಕಿದರೆ ಬಾಯಿ ಮುಚ್ಚುತ್ತದೆ. “ನೋಡಿಲ್ಲಮ್ಮಾ,” ಅಂದ ಸೀನ, ಎರಡನೇ ತುಂಡು ತುರುಕುತ್ತಾ.

“ಇಷ್ಟೆಲ್ಲ ತಲೆನೋವು ಯಾಕೆ?” ಅಂದೆ. “ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಐದು ಸ್ಪ್ರಿಂಗೂ ಹಾಕಿ, ಬ್ಲಾಕಿನ ಹಿಂದೆ ಮರದ ತುಂಡು ಸಿಕ್ಕಿಸಿ ಬ್ರಿಡ್ಜ್ ಅಲುಗದ ಹಾಗೆ ಮಾಡಿಕೊಂಡಿದ್ದರು.”

“ನಂದು ತೇಲ್ತಾನೇ ಇರಬೇಕು,” ಅಂದ ಮಂಜ. ತೇಲೋದು ಅಂದರೆ ಬ್ರಿಡ್ಜ್ ಮರಕ್ಕೆ ಕೂರದೆ ಎರಡೂ ಕಡೆ ವಾಲುವಂತಿರುವುದು; ಹಿಂದಿನ ಅಂಚು ಮೂರು ಮಿಲಿಮೀಟರ್ ಎದ್ದಿರಬೇಕು ಅವನಿಗೆ. ಹೋದ ವರ್ಷ ಗಣೇಶನ ಪೆಂಡಾಲಿನಲ್ಲಿ ಇದೇ ತೇಲುವ ಬ್ರಿಡ್ಜಿನ ಒಂದು ತಂತಿ ಹರಿದಿತ್ತು. ಎಳೆತ ಕಡಿಮೆಯಾಗಿ ಸ್ಪ್ರಿಂಗಿನ ಕೈ ಮೇಲಾಯಿತು, ಉಳಿದ ಐದೂ ಶ್ರುತಿ ಏರಿ ಕೂತವು. ಹಾಡುವವರು ತಿರುಗಿ ನೋಡಿದ ನೋಟಕ್ಕೆ ಗಣೇಶನೂ ಹೆದರಿರಬೇಕು.

ಕೊನೆಗೆ ಮೂರೇ ಸ್ಪ್ರಿಂಗ್, ನೇರಕ್ಕೆ, ಅಂತ ತೀರ್ಮಾನವಾಯಿತು. ಕಾಲು ಸುತ್ತು ಸ್ಕ್ರೂ, ಟ್ಯೂನಿಂಗ್, ಅಳತೆ. ಮತ್ತೆ ಕಾಲು ಸುತ್ತು, ಟ್ಯೂನಿಂಗ್, ಅಳತೆ. ಒಂದನ್ನು ಮುಟ್ಟಿದರೆ ಇನ್ನೊಂದು ಕೆಡುತ್ತದೆ, ಬೇರೆ ದಾರಿಯಿಲ್ಲ. ಅಂಚು ಮೂರು ಮಿಲಿಮೀಟರಿಗೆ ನಿಂತಾಗ ಸಂಜೆ ದೀಪ ಹಚ್ಚಿದ್ದರು.

ಮಂಜ ಖುಷಿಯಾಗಿ ಬ್ಯಾಗಿನಿಂದ ಹೊಸ ತಂತಿಯ ಪೊಟ್ಟಣ ತೆಗೆದ. “ಹಳೇದು ತುಕ್ಕು ಹಿಡಿದಿದೆ, ಇದನ್ನ ಹಾಕಿಬಿಡೋಣ.”

ರಾಘು ಪೊಟ್ಟಣ ಇಸ್ಕೊಂಡು ಓದಿದ. ಹತ್ತರ ಸೆಟ್ಟು. ಒಂಬತ್ತರದ್ದಕ್ಕಿಂತ ದಪ್ಪ, ಎಳೆತವೂ ಜಾಸ್ತಿ.

ಸೀನ ಮಾತಾಡದೆ ಸ್ಕ್ರೂಡ್ರೈವರನ್ನು ಮಂಜನ ಕೈಗಿಟ್ಟು, ಕಾಫಿ ಕುಡಿಯಲು ಕೆಳಗಿಳಿದ.