ಇಬ್ಬರು ಪರಶುರಾಮರಲ್ಲಿ ಸೈನ್ಯಕ್ಕೆ ಹೋದವರು ಯಾರು?

ಪ್ರಶ್ನೆ (ಕೊಥ್ರೂಡ್, ಪುಣೆ):
ನಮ್ಮದು ಬೆಳಗಾವಿ ಕಡೆಯ ಮನೆತನ. ಮುತ್ತಜ್ಜ ಪರಶುರಾಮ, ಅವರ ಚಿಕ್ಕಪ್ಪನ ಮಗನೂ ಪರಶುರಾಮ. ಇಬ್ಬರಿಗೂ ಅಜ್ಜನ ಹೆಸರೇ. ಟ್ರಂಕಿನಲ್ಲಿ ಸೈನ್ಯದ ಡಿಸ್ಚಾರ್ಜ್ ಕಾಗದ ಸಿಕ್ಕಿದೆ. ತಂದೆ ಹೆಸರಿದ್ದ ಜಾಗ ಗೆದ್ದಲು ತಿಂದು ಹೋಗಿದೆ. ‘110ನೇ ಮರಾಠಾ’ ಅಂತ ಓದಬಹುದು, ಅಷ್ಟೇ. ಅಮ್ಮನಿಗೆ 82 ವರ್ಷ. ಅವರಿಗೆ ಬೇಗ ಹೇಳಬೇಕು ಅಂತ ಆಸೆ.

ಉತ್ತರ (ಖಡಕಿ):
ಅಕ್ಕಾ, 110 ಅನ್ನೋದೇ ದೊಡ್ಡ ಸುಳಿವು. ಆ ಪಲ್ಟಣಕ್ಕೆ 1922ರಲ್ಲಿ ಬೇರೆ ನಂಬರ್ ಬಂತು, ಅಂದರೆ ಕಾಗದ ಅದಕ್ಕಿಂತ ಹಳೆಯದು. ಮೊದಲ ಮಹಾಯುದ್ಧದಲ್ಲಿ ತುರ್ಕರು ಇರಾಕಿನ ಕೂತ್ ಊರಿಗೆ ಹಾಕಿದ ಮುತ್ತಿಗೆಯಲ್ಲಿ ಸಿಕ್ಕಿಕೊಂಡ ಪಲ್ಟಣ ಅದು. 1916ರ ಏಪ್ರಿಲ್ 29ಕ್ಕೆ ಅಲ್ಲಿದ್ದವರು ಸೆರೆಯಾದರು. ಲಗ್ನಪತ್ರಿಕೆ ಇದೆಯಾ?

ಪ್ರಶ್ನೆ ಕೇಳಿದವರು:
ಇದೆ ಅಣ್ಣಾ! ಅರಿಶಿನದ ಕಲೆ ಇನ್ನೂ ಹೋಗಿಲ್ಲ. ಮುತ್ತಜ್ಜನ ಮದುವೆ ನಳ ಸಂವತ್ಸರ, ಶಕೆ 1838, ವೈಶಾಖ.

ಉತ್ತರ (ಖಡಕಿ):
ಶಕೆ ಬರೆದಿದ್ದು ಒಳ್ಳೆಯದಾಯಿತು, ಸಂವತ್ಸರ 60 ವರ್ಷಕ್ಕೆ ಮತ್ತೆ ಬರುತ್ತದೆ ಅಲ್ವಾ. ಅದು 1916ರ ಮೇ. ಕೂತ್‌ನಲ್ಲಿ ಸೆರೆಯಾದವರು ಆಗ ಊರಲ್ಲಿ ಅಕ್ಷತೆ ಹಾಕಿಸಿಕೊಳ್ಳಲು ಸಾಧ್ಯವಿಲ್ಲ. ಆದರೆ ಪಲ್ಟಣದ ಕೆಲವರು ಯುದ್ಧಕ್ಕೆ ಹೋಗದೆ ಇಲ್ಲೇ ಡಿಪೋದಲ್ಲೂ (ಪಲ್ಟಣದ ನೆಲೆಯಲ್ಲಿ) ಇರುತ್ತಿದ್ದರು. ಅದಕ್ಕೇ ಇಷ್ಟಕ್ಕೇ ತೀರ್ಮಾನ ಬೇಡ. ಕಾಗದದಲ್ಲಿ ಎತ್ತರ, ಗಾಯದ ಗುರುತು ಬರೆದಿದೆಯಾ ನೋಡಿ. ಅಮ್ಮನನ್ನೂ ಕೇಳಿ.

ಪ್ರಶ್ನೆ ಕೇಳಿದವರು:
‘ಎಡಹುಬ್ಬಿನ ಮೇಲೆ ಗಾಯ’ ಅಂತಿದೆ. ಓದಿ ಹೇಳಿದೆ. ಅಮ್ಮ ಒಂದು ಗಳಿಗೆ ಸುಮ್ಮನಿದ್ದು, ‘ನಮ್ಮಜ್ಜನ ಹುಬ್ಬು ನೆಟ್ಟಗಿತ್ತು, ಗಾಯ ಇದ್ದಿದ್ದು ಸಣ್ಣಜ್ಜನಿಗೆ’ ಅಂದರು.