ಹತ್ತು ಜನ, ಎರಡು ಜಿಪ್ಸಿ

ಗುಂಪು: ಬಿಎಸ್ಸಿ ಬಳಗ, ಕಾರವಾರ

ರೋಹಿದಾಸ (ಕಾರವಾರ), ಬೆಳಿಗ್ಗೆ 8:14
[ಚಿತ್ರ: "ತಾಡೋಬಾ ಫೋಟೋಗ್ರಫಿ ಟೂರ್. ಸಣ್ಣ ಗುಂಪು, 10 ಜನರಿಗೆ ಮಾತ್ರ. 4 ರಾತ್ರಿ, 6 ಸಫಾರಿ, ಅನುಭವಿ ಮಾರ್ಗದರ್ಶಕರು. ಏಪ್ರಿಲ್ ಕೊನೆಯ ವಾರ, ಭಾನುವಾರ ನಾಗಪುರದಿಂದ ಹೊರಟು ಗುರುವಾರ ವಾಪಸ್. ತಲಾ ₹42,000. ಹುಲಿ ಗ್ಯಾರಂಟಿ!!"]
ನೋಡ್ರೇ. ಮಹಾರಾಷ್ಟ್ರದ ಹುಲಿ ಕಾಡು. ಊಟ, ವಸತಿ, ಜಿಪ್ಸಿ (ತೆರೆದ ಜೀಪು) ಎಲ್ಲ ಸೇರಿ ಈ ರೇಟು. ನಾಲ್ಕು ಜನ ನಾವೇ ಆಯ್ತು. ಇನ್ನು ಆರು ಜನ ಸಿಕ್ಕಿದ್ರೆ ಇಡೀ ಟೂರ್ ನಮ್ದೇ. ಗುರುವಾರದೊಳಗೆ ಅಡ್ವಾನ್ಸ್ ಹಾಕ್ಬೇಕಂತೆ.

ವೆಂಕಟೇಶ (ಅಂಕೋಲಾ), 8:16
ನಂದೊಂದು ಬರ್ಕೊ ಮಾರಾಯ.

ಗಜಾನನ (ಶಿರಸಿ), 8:21
ತಡಿ ತಮಾ. ಆ ಗ್ಯಾರಂಟಿ ಪತ್ರಕ್ಕೆ ಹುಲಿ ಸಹಿ ಹಾಕಿದ್ಯಾ ಕೇಳು ಮೊದಲು.

ಸುಮನಾ (ಕುಮಟಾ), 8:30
ಗ್ಯಾರಂಟಿ ಬಿಡು, ಎಲ್ಲರೂ ಬರೆಯೋದೇ. ವಾರ ನೋಡಿದ್ರಾ? ಭಾನುವಾರ ಸಂಜೆ ಮುಟ್ಟೋದು. ಸೋಮ, ಮಂಗಳ, ಬುಧ ದಿನಕ್ಕೆರಡು ಅಂತ ಲೆಕ್ಕ ಹಾಕಿದ್ರೆ ಆರು ಸಫಾರಿ. ತಾಡೋಬಾ ಕೋರ್, ಅಂದ್ರೆ ಕಾಡಿನ ಒಳಭಾಗ, ಮಂಗಳವಾರ ಬಂದ್. ಅಂದ್ರೆ ಆ ದಿನದ ಎರಡೂ ಸಫಾರಿ ಅದರ ಸುತ್ತಲಿನ ಬಫರ್‌ನಲ್ಲೇ ಮಾಡಿಸ್ಬೇಕು. ಪೋಸ್ಟರ್‌ನಲ್ಲಿ ಒಂದಾದ್ರೂ ಗೇಟಿನ ಹೆಸರಿದ್ಯಾ? ಮೊಹರ್ಲಿ, ಕೋಲಾರಾ, ನವೇಗಾಂವ್, ಝರಿ, ಯಾವುದೂ ಇಲ್ಲ. ಅನುಭವ ಇರೋ ಆಯೋಜಕ ಮೊದಲು ಬರೆಯೋದೇ ಗೇಟು ಮತ್ತು ದಿನ. ಇವ್ನು ಹುಲಿ ಫೋಟೋ ಹಾಕಿ ಗೇಟು ಬಿಟ್ಟಿದ್ದಾನೆ.

ರೋಹಿದಾಸ, 8:33
ಬಫರ್‌ನಲ್ಲೂ ಹುಲಿ ಚೆನ್ನಾಗಿ ಸಿಗ್ತದೆ. ಅಗರ್‌ಝರಿ, ಜುನೋನಾ ಕಡೆ ಸುಮ್ನೆ ಹೋಗ್ತಾರಾ ಜನ?

ಸುಮನಾ, 8:36
ಸಿಗ್ತದೆ, ಇಲ್ಲ ಅಂದಿಲ್ಲ. ಆದರೆ ಕೋರ್ ಪರ್ಮಿಟ್ ದುಬಾರಿ, ಬಫರ್ ಅಗ್ಗ. ಆರರಲ್ಲಿ ಎಷ್ಟು ಕೋರ್, ಎಷ್ಟು ಬಫರ್ ಅಂತ ಗೊತ್ತಾಗದೆ 42 ಸಾವಿರ ಅಗ್ಗವೋ ದುಬಾರಿಯೋ ಹೇಳೋದು ಹೇಗೆ? ಶನಿವಾರ ಭಾನುವಾರ ರೇಟು ಇನ್ನೂ ಜಾಸ್ತಿ. ಅವನು ವಾರದ ಮಧ್ಯ ಇಟ್ಟಿದ್ದು ಅದಕ್ಕೇ, ಅದರಲ್ಲಿ ತಪ್ಪೇನಿಲ್ಲ.

ಇರ್ಫಾನ್ (ದಾಂಡೇಲಿ), 8:47
ಮನಿ ಬಾಜೂಕ ಕಾಳಿ ಟೈಗರ್ ರಿಸರ್ವ್ ಇಟ್ಕೊಂಡು ನಾಗಪುರಕ ಯಾಕ ಓಡ್ತೀರೋ? 2022ರ ಎಣಿಕಿ ನೋಡ್ರಿ. ಕರ್ನಾಟಕ 563, ಮಹಾರಾಷ್ಟ್ರ 444. ಹುಲಿ ಹೆಚ್ಚಿದ್ದ ರಾಜ್ಯದಿಂದ ಕಡಿಮಿ ಇದ್ದ ರಾಜ್ಯಕ್ಕ ಹೋಗೋದು ಸಮುದ್ರ ದಂಡ್ಯಾಗಿದ್ದವ್ರು ಮೀನ ತರಾಕ ಹುಬ್ಬಳ್ಳಿಗೆ ಹೋದಂಗ ಆತು.

ಗಜಾನನ, 9:02
ಇರ್ಫಾನ್, ಎಣಿಕೆ ಬೇರೆ, ಕಣ್ಣಿಗೆ ಬೀಳೂದು ಬೇರೆ. ನಮ್ಮ 563ರಲ್ಲಿ ದೊಡ್ಡ ಪಾಲು ನಾಗರಹೊಳೆ, ಬಂಡೀಪುರದ ಕಡೆದು. ಕಾಳಿಯಲ್ಲಿ ಹುಲಿ ಇದ್ದು, ಆದರೆ ಕಡಿಮೆ. ಯಾಕೆ ಹೇಳಿದ್ರೆ ಹೊಟ್ಟೆ ಲೆಕ್ಕ. ಒಂದು ಹುಲಿ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿ ಹೊಡೀತು. ಬೇಟೆ ಪ್ರಾಣಿ ಕರಗದೆ ಉಳೀಬೇಕಂದ್ರೆ ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಹೋಗಬಾರದು. ಅಂದ್ರೆ ಒಂದು ಹುಲಿ ಹಿಂದೆ 500 ಜಿಂಕೆ, ಕಡವೆ, ಕಾಟಿ ಇರಬೇಕು. ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ವರ್ಷಗಟ್ಟಲೆ ಕೂತು ಹಾಕಿದ ಲೆಕ್ಕ ಇದೇ. ಕಾಳಿಯೊಳಗಿನ ಅಣಶಿ ಕಡೆಯ ನಿತ್ಯಹರಿದ್ವರ್ಣ ಕಾಡಲ್ಲಿ ಸೊಪ್ಪೆಲ್ಲ ಮರದ ತುದೀಲಿ, ನೆಲದಲ್ಲಿ ಹುಲ್ಲೆಲ್ಲಿ? ಹುಲ್ಲಿಲ್ಲದಲ್ಲಿ ಚುಕ್ಕಿ ಜಿಂಕೆ ಹಿಂಡು ನಿಲ್ಲೂದಿಲ್ಲ.

ಗಜಾನನ, 9:05
ಮತ್ತೆ ಬೆಳಕು. ಆ ಕಾಡಲ್ಲಿ ಬೆಳಿಗ್ಗೆ ಏಳಕ್ಕೆ ಲೆನ್ಸ್ ಬಾಯಿ ಎಫ್ 6.3, ಸೆನ್ಸರ್ ಸೂಕ್ಷ್ಮತೆ ಐಎಸ್ಒ 6400 ಇಟ್ಟರೂ ಶಟರ್ ವೇಗ 1/100 ಸೆಕೆಂಡ್ ದಾಟೂದು ಕಷ್ಟ. ಕಂಡ್ರೂ ಕರಿ ಮುದ್ದೆ. ತಾಡೋಬಾ ಒಣ ಕಾಡು, ತೇಗ ಮತ್ತೆ ಬಿದಿರು. ಏಪ್ರಿಲ್‌ಗೆ ತೇಗ ಎಲೆ ಉದುರಿಸಿ ಬೋಳಾಗಿರ್ತದೆ, ನೀರು ಕೆರೆ ಹೊಂಡಕ್ಕೆ ಇಳಿದಿರ್ತದೆ. ಸೆಕೆ ತಡೀದೆ ಹುಲಿ ಹಿಂಬದಿಯಿಂದ ನೀರಿಗಿಳಿದು ಕೂತುಬಿಡ್ತದೆ.

ಇರ್ಫಾನ್, 9:11
ಫಣಸೋಲಿ ಸಫಾರಿ ಮಾಡ್ರಿ, ಹುಲಿ ಸಿಗದಿದ್ರ ಕಾಟಿ ಸಿಗ್ತಾವ. ಟಿಂಬರ್ ಡಿಪೋದಾಗ ಮಂಗಟ್ಟೆ. ಗಣೇಶಗುಡಿ ಮ್ಯಾಗಜಿನ್ ಹೌಸಿನ ನೀರಿನ ತೊಟ್ಟಿ ಮುಂದ ಕುಂತ್ರ ಕಾಡಹಕ್ಕಿ ಹತ್ತು ಅಡಿ ದೂರದಾಗ. 42 ಸಾವಿರದಾಗ ಮೂರು ಸಲ ಬರಬಹುದು.

ವೆಂಕಟೇಶ, 9:13
ಹಕ್ಕಿಗೆ ನಿನ್ ಹತ್ರ ಬರ್ತೇವೆ ಮಾರಾಯ. ಇದು ಹುಲಿ ಮಾತು. ನಾನು 600 ಮಿ.ಮೀ. ಎಫ್4 ಲೆನ್ಸ್ ಬಾಡಿಗೆಗೆ ತರ್ಸುವಾ ಅಂತಿದ್ದೆ.

ಸುಮನಾ, 9:24
ಎಂತಕ್ಕೆ? ಲೆಕ್ಕ ಮಾಡು. ಫುಲ್ ಫ್ರೇಮ್ ಸೆನ್ಸರ್ 36 ಮಿ.ಮೀ. ಅಗಲ. ಹುಲಿ 25 ಮೀಟರ್ ದೂರದಲ್ಲಿದ್ರೆ 600ರಲ್ಲಿ ಚೌಕಟ್ಟಿಗೆ ಸಿಗೋದು ಒಂದೂವರೆ ಮೀಟರ್ ಅಗಲ. ಅಡ್ಡ ನಿಂತ ಹುಲಿಯ ಹಿಂಭಾಗ ಹೋಯ್ತು, ಬಾಲ ಅಂತೂ ಕೇಳೋದೇ ಬೇಡ. 400ರಲ್ಲಿ 2.25 ಮೀಟರ್, ಮೈ ಪೂರ್ತಿ ಕೂತ್ಕೊಳ್ತದೆ. ನಿಂದು ಎಪಿಎಸ್-ಸಿ ಬಾಡಿ, ಸೆನ್ಸರ್ ಸಣ್ಣದು, ಅದರಲ್ಲಿ 400 ಹಾಕಿದ್ರೇ ಒಂದೂವರೆ ಮೀಟರಿಗೆ ಬರ್ತದೆ. ಮೊಹರ್ಲಿ ರಸ್ತೆಯಂಥ ಡಾಂಬರು ದಾರೀಲಿ ಹುಲಿ ಜಿಪ್ಸಿ ಕಡೆಗೇ ನಡ್ಕೊಂಡು ಬರ್ತಾ ಇದ್ರೆ ಝೂಮ್ ಇಲ್ಲದ ಪ್ರೈಮ್ ಲೆನ್ಸ್ ಇಟ್ಕೊಂಡು ಹಲ್ಲು ಎಣಿಸ್ಬಹುದು ಅಷ್ಟೆ. ಮೂರು ಕಿಲೋ ಲೆನ್ಸ್ ಎತ್ತೋದು ಬೇರೆ. 100-400 ಅಥವಾ 200-600 ಝೂಮ್ ತಗೊ. ಎರಡನೇ ಬಾಡಿ ಇದ್ರೆ ಅದಕ್ಕೆ 70-200.

ಸುಮನಾ, 9:27
ಜಿಪ್ಸಿಯೊಳಗೆ ಲೆನ್ಸ್ ಬದಲಿಸೋ ಯೋಚನೆ ಬೇಡ. ಏಪ್ರಿಲ್ ಧೂಳು ಹಿಟ್ಟಿನ ಹಾಗೆ. ಸೆನ್ಸರ್ ಮೇಲೆ ಕೂತ್ರೆ ಆರೂ ಸಫಾರಿಯ ಆಕಾಶದಲ್ಲಿ ಚುಕ್ಕೆ. ಮುಂದಿನ ಗಾಜಿಗೆ ಧೂಳು ಕೂತ್ರೆ ಬ್ಲೋವರ್‌ನಿಂದ ಊದಿ, ಬಟ್ಟೆ ತಾಗಿಸ್ಬೇಡಿ, ಗೀರು ಬೀಳ್ತದೆ. ಓಡಾಡುವಾಗ ಕ್ಯಾಮರಾ ಮೇಲೆ ಹಳೇ ದಿಂಬಿನ ಚೀಲ ಹಾಕಿ, ಸಾಕು.

ಪ್ರತಿಭಾ (ಹೊನ್ನಾವರ, ಅಡ್ಮಿನ್), 9:40
ಇದು ಬಳಗದ ಗುಂಪು, ಲೆನ್ಸ್ ಅಂಗಡಿ ಅಲ್ಲ. ಹೋಗ್ತೀರೋ ಇಲ್ವೋ ಅಷ್ಟು ಹೇಳಿ.

ಗಜಾನನ, 9:46
ಪ್ರತಿಭಾ, ಎರಡು ನಿಮಿಷ. ಮುಖ್ಯ ಸಂಗತಿ ಇನ್ನೂ ಯಾರೂ ಎತ್ತಲಿಲ್ಲ. ಪೋಸ್ಟರಿನ ಮೂಲೇಲಿ ಸಣ್ಣ ಅಕ್ಷರ ದೊಡ್ಡದು ಮಾಡಿ ನೋಡಿ: "2 ಜಿಪ್ಸಿ". ಹತ್ತು ಜನಕ್ಕೆ ಎರಡು. ಗಾಡಿಗೆ ಐದು.

ರೋಹಿದಾಸ, 9:48
ಆರು ಜನಕ್ಕೆ ಅನುಮತಿ ಇದೆಯಲ್ರೇ. ಐದೇ ಅಂದ್ರೆ ಆರಾಮ.

ಗಜಾನನ, 9:58
ನೋಡೂಕೆ ಹೋಗುವವರಿಗೆ ಆರಾಮ. ಫೋಟೋಕ್ಕಲ್ಲ. ಡ್ರೈವರ್ ಪಕ್ಕ ಗೈಡ್ ಕೂರ್ತಾನೆ. ಹಿಂದೆ ಎರಡು ಸಾಲು ಸೀಟು, ಸಾಲಿಗೆ ಮೂರು. ಐದು ಜನ ಕೂತರೆ ಒಂದು ಸಾಲಲ್ಲಿ ಮಧ್ಯೆ ಒಬ್ಬ ಸಿಕ್ಕಿಬೀಳ್ತಾನೆ. ಅವನಿಗೆ ಎಡವೂ ಇಲ್ಲ ಬಲವೂ ಇಲ್ಲ, ಲೆನ್ಸ್ ಇಡೂದು ಪಕ್ಕದವನ ತೊಡೆ ಮೇಲೆ. 42 ಸಾವಿರ ಕೊಟ್ಟು ಬೇರೆಯವರ ಕಿವಿ ಫೋಟೋ.

ನಾಲ್ಕೇ ಜನ ಆದ್ರೆ ಸಾಲಿಗಿಬ್ಬರು, ಎಲ್ಲರಿಗೂ ಒಂದೊಂದು ಬದಿ. ಅದರಲ್ಲೂ ಹುಲಿ ಎಡಕ್ಕೆ ಬಂದ್ರೆ ಬಲದವರು ಏನು ಮಾಡೂದು? ಹೊರಡೂಕೆ ಮೊದಲೇ ಮಾತಾಡಿಕೊಳ್ಳಬೇಕು. ಹುಲಿ ಇದ್ದ ಬದಿಯವರು ಕೂತೇ ತೆಗೀಬೇಕು, ಬದಿಯ ಕಂಬಿ ಮೇಲೆ ಬೀನ್ ಬ್ಯಾಗ್, ಅಂದ್ರೆ ಲೆನ್ಸ್ ಊರೂಕೆ ಕಾಳು ತುಂಬಿದ ಚೀಲ. ಎದುರು ಬದಿಯವರು ಅವರ ತಲೆ ಮೇಲಿಂದ, ನಿಂತು, ಕೈಯಲ್ಲೇ. ಎಲ್ಲರೂ ಒಟ್ಟಿಗೆ ಎದ್ದರೆ ಗಾಡಿ ತೂಗಿ ಒಬ್ಬರದ್ದೂ ಶಾರ್ಪ್ ಬರೂದಿಲ್ಲ. ಮುಂದಿನ ಸಾಲು ತಗ್ಗು, ಹುಲಿ ಕಣ್ಣಿನ ಮಟ್ಟಕ್ಕೆ ಹತ್ತಿರ, ಚಿತ್ರ ಅಲ್ಲಿಂದಲೇ ಚೆಂದ. ಹಿಂದಿನ ಸಾಲು ಎತ್ತರ, ಮೇಲಿಂದ ಕೆಳಗೆ ನೋಡಿದ ಹಾಗೆ, ಜೊತೆಗೆ ಹಿಂದಿನ ಚಕ್ರದ ಕುಲುಕಾಟ. ಹಾಗಾಗಿ ಪ್ರತಿ ಸಫಾರಿಗೆ ಸಾಲೂ ಬದೀನೂ ಅದಲು ಬದಲು. ಇದನ್ನು ಆಯೋಜಕನೇ ಬರೆದು ಕೊಡಬೇಕು, ಇಲ್ಲದಿದ್ರೆ ಮೊದಲ ದಿನ ಮುಂದೆ ಕೂತವ ಕೊನೇ ದಿನದ ತನಕ ಅಲ್ಲೇ.

ವೆಂಕಟೇಶ, 10:01
ಹೌದಲ. ಸಣ್ಣ ಗುಂಪು ಅಂದ್ರೆ ಹತ್ತು ಅಲ್ಲ, ಗಾಡಿಗೆ ಎಷ್ಟು ಅಂತ.

ರೋಹಿದಾಸ, 10:04
ಹಾಗಾದ್ರೆ ಮೂರು ಜಿಪ್ಸಿ ಕೇಳುವಾ?

ಸುಮನಾ, 10:09
ಮೂರು ಜಿಪ್ಸಿ ಅಂದ್ರೆ ಆರು ಸಫಾರಿಗೆ ಹನ್ನೆರಡರ ಬದಲು ಹದಿನೆಂಟು ಪರ್ಮಿಟ್, ಹದಿನೆಂಟು ಗಾಡಿ ಬಾಡಿಗೆ, ಹದಿನೆಂಟು ಗೈಡ್ ಶುಲ್ಕ. ಅದಕ್ಕಿಂತ ಜನ ಎಂಟಕ್ಕಿಳಿಸಿ. ಮತ್ತೆ ನೆನಪಿಡಿ, ಪರ್ಮಿಟ್ ಹೆಸರಿನ ಮೇಲೆ ಇರ್ತದೆ. ಬುಕಿಂಗ್‌ಗೆ ಕೊಟ್ಟ ಗುರುತಿನ ಚೀಟಿಯ ಮೂಲ ಪ್ರತಿಯೇ ಗೇಟಿನಲ್ಲಿ ತೋರಿಸ್ಬೇಕು. ಕೊನೇ ಗಳಿಗೇಲಿ "ನಾನು ಬರಲ್ಲ, ನನ್ನ ಭಾವ ಬರ್ತಾನೆ" ಅನ್ನೋ ಆಟ ಅಲ್ಲಿ ನಡೆಯಲ್ಲ. ವೆಂಕಟೇಶ, ನಿನಗೇ ಹೇಳಿದ್ದು.

ವೆಂಕಟೇಶ, 10:10
ನಾನೆಂತ ಮಾಡ್ದೆ ಈಗ!

ಇರ್ಫಾನ್, 10:18
ನಾಲ್ಕು ಸಫಾರಿಗೆ ಇಳಿಸ್ರಿ, ರೊಕ್ಕ ಉಳೀತದ. ಏನ್ ಫರಕ್ ಬೀಳ್ತದ?

ಗಜಾನನ, 10:25
ಬೀಳ್ತು. ನಾಣ್ಯ ಹಾರಿಸಿದ ಹಾಗೆ ಸಫಾರಿಗೆ ಅರ್ಧ ಅವಕಾಶ ಹೇಳಿ ಇಟ್ಕೊ. ನಾಲ್ಕರಲ್ಲೂ ಕೈಕೊಡುವುದು 16ಕ್ಕೊಂದು. ಆರರಲ್ಲೂ ಕೈಕೊಡುವುದು 64ಕ್ಕೊಂದು. ಅದೂ ಕಾಣೂದರ ಲೆಕ್ಕ ಮಾತ್ರ. ಕಂಡಿದ್ದರಲ್ಲಿ ಅರ್ಧ ಬಿದಿರಿನ ಹಿಂದೆ ಬೆನ್ನು. ಆರಕ್ಕಿಂತ ಕಡಿಮೆ ಮಾಡೂದಾದ್ರೆ ಹೋಗದೇ ಇರೂದು ವಾಸಿ.

ಪ್ರತಿಭಾ, 10:31
ಏಪ್ರಿಲ್ ಕೊನೆ ಅಂದ್ರೆ ತಾಡೋಬಾ ಇರೋ ಚಂದ್ರಪುರ ಜಿಲ್ಲೆ 43, 44 ಡಿಗ್ರಿ. ನಮಗೆ ಕರಾವಳಿಯಲ್ಲಿ 35ಕ್ಕೇ ಸುಸ್ತು. ಡಿಸೆಂಬರ್ ಯಾಕಾಗ್ಬಾರ್ದು?

ರೋಹಿದಾಸ, 10:35
ಡಿಸೆಂಬರಲ್ಲಿ ಬೆಳಕು ಮೆತ್ತಗೆ, ಮಂಜು, ಚಿತ್ರ ಚೆಂದ. ಆದರೆ ಪೊದೆ ದಟ್ಟ, ನೀರು ಎಲ್ಲೆಲ್ಲೂ. ಹುಲಿಗೆ ಒಂದೇ ಹೊಂಡಕ್ಕೆ ಬರೋ ದರ್ದಿಲ್ಲ. ತೆರೆದ ಜಿಪ್ಸಿಯಲ್ಲಿ ಬೆಳಗಿನ ಚಳಿಗೆ ಶಟರ್ ಒತ್ತೋ ಬೆರಳೇ ಮರಗಟ್ಟುತ್ತದೆ. ಕಾರವಾರದವರ ಮನೇಲಿ ಸ್ವೆಟರ್ ಎಲ್ಲಿದೆ ರೇ?

ಸುಮನಾ, 10:44
ಏಪ್ರಿಲ್ ಸರಿ, ಆದರೆ ಸೆಕೆಯ ಇನ್ನೊಂದು ಕಾಟ ಗೊತ್ತಿರಲಿ. ಬೆಳಿಗ್ಗೆ ಎಂಟೂವರೆ ಒಂಬತ್ತಾದ್ಮೇಲೆ ಕಾದ ನೆಲದಿಂದ ಗಾಳಿ ಕುದಿಯೋಕೆ ಶುರು. 80 ಮೀಟರ್ ಆಚೆ ಇರೋ ಹುಲಿಯ ಮೈಯ ಪಟ್ಟೆ ನೀರಲ್ಲಿ ಕಂಡ ಹಾಗೆ ಅಲುಗಾಡ್ತದೆ. ಫೋಕಸ್ ತಪ್ಪಿದೆ ಅಂತ ಕ್ಯಾಮರಾ ಬಯ್ಯಬೇಡಿ. ಅದಕ್ಕೆ ದುಬಾರಿ ಲೆನ್ಸೂ ಮದ್ದಲ್ಲ, ಹತ್ತಿರ ಬರೋ ತನಕ ಕಾಯೋದೇ. ಹತ್ತಿರ ಅಂದ್ರೆ ಡ್ರೈವರ್‌ಗೆ ನೂರು ರೂಪಾಯಿ ಕೊಟ್ಟು ಗಾಡಿ ನುಗ್ಗಿಸೋದಲ್ಲ. ಕನಿಷ್ಠ 20 ಮೀಟರ್ ಬಿಡ್ಬೇಕು ಅಂತ ಮಾರ್ಗಸೂಚಿ ಇದೆ. ಹುಲಿ ನಡೆಯೋ ದಾರಿಗೆ ಗಾಡಿ ಅಡ್ಡ ಹಾಕಿದ್ರೆ ಅದು ಪೊದೆಗೆ ತಿರುಗ್ತದೆ, ಎಲ್ಲರ ಸಫಾರಿ ಅಲ್ಲಿಗೆ ಮುಗೀತು.

ವೆಂಕಟೇಶ, 10:50
ಸೆಟಿಂಗ್ ಹೇಳಿ ಮಾರಾಯ್ರೆ, ಗಡಿಬಿಡೀಲಿ ನಂಗೆ ಎಲ್ಲ ಮರೆತೋಗ್ತದೆ.

ಗಜಾನನ, 11:03
ಮ್ಯಾನುಯಲ್, ಐಎಸ್ಒ ಮಾತ್ರ ಆಟೋ, ಮಿತಿ 6400. ಅಪರ್ಚರ್ ಪೂರ್ತಿ ತೆರೆದಿಡು. ಕೂತ ಹುಲಿಗೆ 1/500, ನಡೆಯೂದಕ್ಕೆ 1/1000, ಓಟ ಅಥವಾ ನೀರು ಕೊಡವಿದ್ರೆ 1/2000. ನೆರಳಲ್ಲಿದ್ದ ಹುಲಿಗೆ ಹಿನ್ನೆಲೆ ಕಪ್ಪು, ಮೀಟರ್ ಮೋಸ ಹೋಗಿ ಕೇಸರಿ ಬಣ್ಣ ಸುಟ್ಟುಹಾಕ್ತು, ಎಕ್ಸ್‌ಪೋಶರ್ ಮೈನಸ್ 0.7 ಇಟ್ಕೊ. ಕಣ್ಣು ಗುರುತಿಸೂ ಆಟೋಫೋಕಸ್ ಬಯಲಲ್ಲಿ ಚಲೋ. ಬಿದಿರಲ್ಲಿ ಅದು ಮುಂದಿದ್ದ ಎಲೆಗೆ ಅಂಟಿಕೊಳ್ತು, ಅದಕ್ಕೆ ಸಣ್ಣ ಒಂಟಿ ಪಾಯಿಂಟ್ ಒಂದು ಬಟನ್‌ಗೆ ಕೊಟ್ಟಿಡು. ಎಂಜಿನ್ ಬಂದ್ ಆಗದೆ ಶಟರ್ ಒತ್ತಬೇಡ. ಬೀನ್ ಬ್ಯಾಗ್ ಮೇಲಿದ್ರೂ ಸ್ಟೆಬಿಲೈಸೇಶನ್ ಆನ್ ಇರಲಿ, ಗಾಡೀಲಿ ಇನ್ನೂ ಮೂವರು ಅಲುಗಾಡ್ತಿರ್ತ್ರು.

ಸಫಾರಿಗೆ 800 ಫ್ರೇಮ್, ಒಂದು ರಾ ಕಡತ 30 ಎಂಬಿ ಅಂದ್ರೆ ಆರಕ್ಕೆ 144 ಜಿಬಿ. 128ರ ಎರಡು ಕಾರ್ಡ್ ಬೇಕೇ ಬೇಕು. ಬ್ಯಾಟರಿ ಮೂರು.

ಮತ್ತೆ ರೂಮಿನ ಎಸಿ. ತಣ್ಣಗಿನ ಕ್ಯಾಮರಾ ಹೊರಗೆ ತಂದ ಕೂಡ್ಲೆ ತಾಡೋಬಾದ ಒಣ ಗಾಳೀಲಿ ಅಷ್ಟು ತೊಂದ್ರೆ ಇಲ್ಲ, ಆದರೆ ಊರಿಗೆ ಬಂದ ಮೇಲೆ ನಮ್ಮ ಕರಾವಳಿ ತೇವಕ್ಕೆ ಮಬ್ಬು ಹಿಡೀತು. ಚೀಲದ ಜಿಪ್ ಹಾಕಿಯೇ ಅರ್ಧ ತಾಸು ಬಿಡಬೇಕು. ಧೂಳು ತೆಗೀದೆ ಮಳೆಗಾಲಕ್ಕೆ ಇಟ್ಟರೆ ಫಂಗಸ್.

ಇರ್ಫಾನ್, 11:10
ಮೊಬೈಲ್ ಒಳಗ ಬಿಡಾಂಗಿಲ್ಲ ಅಲ್ಲಿ, ಅದನ್ನೂ ಹೇಳ್ರಿ. ರೋಹಿದಾಸ ಸ್ಟೇಟಸ್ ಹಾಕದ ನಾಲ್ಕು ತಾಸು ಹೆಂಗ ಇರ್ತಾನ?

ರೋಹಿದಾಸ, 11:12
😐

ಸುಮನಾ, 11:20
ರೋಹಿದಾಸ, ಸ್ಟೇಟಸ್ ಆಮೇಲೆ. ಇದನ್ನು ಅವನಿಗೆ ಹಾಗೇ ಕಳಿಸು:
"ಆರು ಸಫಾರಿಯ ಗೇಟು ಮತ್ತು ದಿನ ಬರೆದು ಕೊಡಿ. ಮಂಗಳವಾರ ಎಲ್ಲಿ? ಗಾಡಿಗೆ ನಾಲ್ಕೇ ಜನ ಆದರೆ ಎಷ್ಟು? ಸೀಟು ಅದಲು ಬದಲು ಹೇಗೆ? ಪರ್ಮಿಟ್ ಸಿಗದ ಸಫಾರಿಯ ಹಣ ವಾಪಸ್ ಬರುತ್ತದೆಯೇ? ಹುಲಿ ಕಾಣದಿದ್ದರೆ ಗ್ಯಾರಂಟಿ ಪ್ರಕಾರ ಏನು ಕೊಡುತ್ತೀರಿ?"

ರೋಹಿದಾಸ, ಮಧ್ಯಾಹ್ನ 1:52
ಉತ್ತರ ಬಂತು. ಸೋಮವಾರ, ಬುಧವಾರ ಮೊಹರ್ಲಿ ಕೋರ್, ಮಂಗಳವಾರ ಎರಡೂ ಬಫರ್. ಎಂಟು ಜನ, ಎರಡು ಜಿಪ್ಸಿ ಆದ್ರೆ ತಲಾ 49 ಸಾವಿರ. ಪರ್ಮಿಟ್ ಸಿಗದಿದ್ರೆ ಆ ಸಫಾರಿಯ ಹಣ ವಾಪಸ್. ಸೀಟು ಬದಲಾವಣೆಗೆ ಒಪ್ಪಿದ. ಗ್ಯಾರಂಟಿ ಅನ್ನೋದು "ಪೋಸ್ಟರ್ ಮಾಡಿದ ಹುಡುಗ ಹಾಕಿದ್ದು" ಅಂತೆ.

ಗಜಾನನ, 1:58
ಅಡ್ಡಿಲ್ಲೆ. ಕೇಳಿದ್ದಕ್ಕೆ ನೇರ ಉತ್ತರ ಕೊಟ್ಟ. ಏಳು ಸಾವಿರ ಜಾಸ್ತಿ ಹೋದ್ರೂ ಮಧ್ಯದ ಸೀಟು ತಪ್ಪಿತು. ನಾನು ಸೈ.

ಸುಮನಾ, 2:01
ನಾನೂ. ಬೀನ್ ಬ್ಯಾಗ್ ಖಾಲಿ ತಗೊಂಡು ಹೋಗುವಾ, ಅಕ್ಕಿ ಅಲ್ಲೇ ಕೊಂಡು ತುಂಬೋದು. ಒಂದಕ್ಕೆ ಎರಡೂವರೆ ಕಿಲೋ. ಪೂರ್ತಿ ತುಂಬಬೇಡಿ, ಮುಕ್ಕಾಲು ಸಾಕು, ಇಲ್ಲಾಂದ್ರೆ ಕಂಬಿ ಮೇಲೆ ಕೂರೋದಿಲ್ಲ, ಉರುಳ್ತದೆ.

ವೆಂಕಟೇಶ, 2:03
ವಿಮಾನದಲ್ಲಿ 15 ಕಿಲೋ ಬಿಡ್ತಾರಲ್ಲ, ನಾನು ಮನೆಯಿಂದ್ಲೇ ಕುಚ್ಚಲಕ್ಕಿ ತುಂಬ್ಕೊಂಡು ಬರ್ತೆ. ಕಾಳು ದಪ್ಪ, ಗಟ್ಟಿ ಕೂರ್ತದೆ. ಮೂರ್ನೇ ದಿನ ರೊಟ್ಟಿ ತಿಂದು ಬೇಜಾರಾದ್ರೆ ಗಂಜಿಗೂ ಆಯ್ತು.

ಪ್ರತಿಭಾ, 2:06
ಆರು ಸಫಾರಿ ಧೂಳು ಕುಡಿದ ಅಕ್ಕಿ ಗಂಜಿ. ನನ್ನ ಹೆಸರು ಬರ್ಕೊಳ್ಳಿ, ಊಟ ಮಾತ್ರ ಬೇರೆ ಮೇಜಲ್ಲಿ.

ಇರ್ಫಾನ್, 2:15
ಐದು ಜನ ಆತು. ಇನ್ನ ಮೂರು ಯಾರು? ನನ್ನ ಹೆಸರು ಬರೀಬ್ಯಾಡ್ರಿ ಅಂತ ನಾ ಎಲ್ಲೂ ಹೇಳಿಲ್ಲ ಮತ್ತ.