ಅಗಸೆ ಹೂವಿನ ಪಲ್ಯ ಕಹಿ, ಮರ ಕೈಗೆಟುಕದಷ್ಟು ಎತ್ತರ. ಏನು ಮಾಡಲಿ?

ಪ್ರಶ್ನೆ:
ಎರಡು ವರ್ಷದ ಹಿಂದೆ ಹಿತ್ತಲಲ್ಲಿ ಬಿಳಿ ಹೂವಿನ ಅಗಸೆ ಹಾಕಿದ್ದೆ. ಚಟ್ನಿಪುಡಿಗೆ ಹಾಕುವ ಅಗಸೆ ಬೀಜದ ಗಿಡ ಅಲ್ಲ, ಮರದ ಅಗಸೆ. ಈಗ 20 ಅಡಿ ದಾಟಿದೆ. ಕೆಳಗೆ ಒಂದು ಕೊಂಬೆಯೂ ಇಲ್ಲ, ಹೂವೆಲ್ಲ ತುದಿಯಲ್ಲಿ. ದೋಟಿ ಹಿಡಿದು ಕಿತ್ತು ಪಲ್ಯ ಮಾಡಿದರೆ ಬರೀ ಕಹಿ. ಮಕ್ಕಳು ಬಾಯಿಗೇ ಇಡಲಿಲ್ಲ. ಮರವನ್ನು ಅರ್ಧಕ್ಕೆ ಕಡಿದುಬಿಡಲಾ?

ಉತ್ತರ:
ದಯವಿಟ್ಟು ಕಡಿಯಬೇಡಿ. ಅಗಸೆಯದು ಮೆತ್ತನೆ ಮರ. ಬಲಿತ ಕಾಂಡ ಕಡಿದರೆ ಚಿಗುರದೆ ಒಣಗಿಹೋಗುವುದೇ ಜಾಸ್ತಿ. ಪಕ್ಕದ ಕೊಂಬೆಗಳನ್ನು ಮಾತ್ರ ಸವರಿಕೊಳ್ಳಿ.

ಮೊದಲು ಕಹಿ ವಿಷಯ. ಹೂವನ್ನು ಇಡಿಯಾಗಿ ಹೆಚ್ಚಿದಿರಿ, ಅಲ್ವಾ? ಒಂದು ಹೂವಿನ ಎಸಳು ಬಿಡಿಸಿ ನೋಡಿ. ಒಳಗೆ ಕುಡುಗೋಲಿನ ಹಾಗೆ ಬಾಗಿದ ಕೇಸರದ ಕಟ್ಟು ಇರುತ್ತೆ, ತುದಿಯಲ್ಲಿ ಹಳದಿ ಪುಡಿ. ಕಹಿ ಇರುವುದು ಅಲ್ಲೇ. ಎರಡು ಬೆರಳಲ್ಲಿ ಹಿಡಿದು ಎಳೆದರೆ ಬುಡಸಮೇತ ಬರುತ್ತೆ. ತೊಟ್ಟಿನ ಹಸಿರು ಬಟ್ಟಲನ್ನೂ ತೆಗೆಯಿರಿ. ಉಳಿದ ಎಸಳನ್ನು ಈರುಳ್ಳಿ ಒಗ್ಗರಣೆಗೆ ಹಾಕಿ, ಬಾಡಿದ ಕೂಡಲೇ ಇಳಿಸಿ ಕಾಯಿತುರಿ ಉದುರಿಸಿ. ಪೂರ್ತಿ ಅರಳದ ಹೂವು ಇನ್ನೂ ಚೆನ್ನ. ಕೆಂಪು ಹೂವಿನ ಜಾತಿ ಅಡುಗೆಗೆ ಅಷ್ಟು ರುಚಿಸಲ್ಲ. ನೀವು ಬಿಳಿಯದನ್ನೇ ಹಾಕಿದ್ದು ಒಳ್ಳೆಯದಾಯಿತು.

ಎತ್ತರಕ್ಕೆ ಮದ್ದು ಎಳೆಯದರಲ್ಲೇ ಮಾಡಬೇಕು. ನಮ್ಮ ವೀಳ್ಯದೆಲೆ ತೋಟದಲ್ಲಿ ಬಳ್ಳಿ ಹಬ್ಬಿಸಲು ಅಗಸೆಯನ್ನೇ ಹಾಕುತ್ತಿದ್ದೆವು. ಬೇಗ ಬೆಳೆಯುತ್ತೆ, ನೆರಳೂ ತೆಳು. ತುದಿ ಚಿವುಟಿ ಚಿವುಟಿ ಹದದಲ್ಲಿ ಇಡುತ್ತಿದ್ದೆವು. ನಿಮ್ಮ ಮರದ್ದೇ ಉದ್ದನೆ ಕಾಯಿ ಒಣಗಲು ಬಿಡಿ. ಬೀಜ ರಾತ್ರಿ ನೆನೆಹಾಕಿ, ನೇರ ಗುಂಡಿಗೇ ಊರಿ. ಗಿಡ ಮೂರಡಿ ಆದಾಗ ತುದಿ ಚಿವುಟಿ, ಪಕ್ಕದಲ್ಲಿ ಕವಲು ಒಡೆಯುತ್ತೆ. ಯೂರಿಯಾ ಹಾಕಬೇಡಿ. ಬೇರಿನ ಗಂಟುಗಳಲ್ಲಿ ಅದೇ ಸಾರಜನಕ ಕೂಡಿಸಿಕೊಳ್ಳುತ್ತೆ. ಇದು ಹೆಚ್ಚು ವರ್ಷ ಬಾಳುವ ಮರವೂ ಅಲ್ಲ, ಹಾಗಾಗಿ ಆಗಾಗ ಹೊಸ ಗಿಡ ಎಬ್ಬಿಸುತ್ತಿರಿ.

ಪ್ರಶ್ನೆ ಕೇಳಿದವರು:
ಇವತ್ತು ಕೇಸರ ಕಿತ್ತು ಮಾಡಿದೆ. ಕಹಿ ಹೋಗಿ ಅಣಬೆಯ ಹಾಗೆ ಮೆತ್ತಗೆ ಬಂತು. ಚಿಕ್ಕ ಮಗಳು ಎರಡನೇ ಸಲ ಹಾಕಿಸಿಕೊಂಡಳು! ತುಂಬಾ ಥ್ಯಾಂಕ್ಸ್. ಸವರಿದ ಸೊಪ್ಪನ್ನು ಕೋಳಿಗೆ ಹಾಕಬಹುದಾ?

ಉತ್ತರ:
ಬೇಡ, ಕೋಳಿಗೆ ಅದು ಆಗಿಬರಲ್ಲ, ಮರಿಗಳು ಸಾಯಬಹುದು. ಆಡು, ಹಸು ಇದ್ದರೆ ಹಾಕಿ, ಇಷ್ಟಪಟ್ಟು ತಿನ್ನುತ್ತವೆ. ಎಳೆ ಸೊಪ್ಪನ್ನು ನೀವೇ ಬೇಳೆ ಜೊತೆ ಬೇಯಿಸಿ ಸಾರು ಮಾಡಿ.